ದೋಣಿಯ ಎಂಜಿನ್‌ಗೆ ಯಾವ ಎಣ್ಣೆ?

ಬಂದರಿನ ಬಳಿಯ ಬಿಡಿಭಾಗಗಳ ಅಂಗಡಿಗೆ ಹೋಗಿ ನೋಡಿ. ಹಗ್ಗ, ಬೆಲ್ಟು, ಫಿಲ್ಟರು, ಗ್ರೀಸಿನ ಡಬ್ಬಿಗಳ ನಡುವೆ ಒಂದು ಕಪಾಟಿನ ತುಂಬ ಎಂಜಿನ್ ಆಯಿಲ್. ಒಂದೇ ಕಂಪೆನಿಯ ಎರಡು ಡಬ್ಬಿಗಳು ಅಕ್ಕಪಕ್ಕದಲ್ಲೇ ಕುಳಿತಿರುತ್ತವೆ. ಒಂದರ ಬೆಲೆ ಇನ್ನೊಂದರ ಎರಡು ಪಟ್ಟು, ಕೆಲವೊಮ್ಮೆ ಮೂರು ಪಟ್ಟು. ದುಬಾರಿ ಡಬ್ಬಿಯ ಮೇಲೆ ಹೊಳೆಯುವ ಅಕ್ಷರದಲ್ಲಿ ‘ಸಿಂಥೆಟಿಕ್’ ಎಂದಿದೆ. ಅಗ್ಗದ ಡಬ್ಬಿಯ ಮೇಲೆ ಅಂಥದ್ದೇನೂ ಇಲ್ಲ. ‘ಇದೇ ಹಾಕಿ ಮಾರಾಯ್ರೆ, ಎಂಜಿನ್‌ಗೆ ಒಳ್ಳೆಯದು’ ಎಂದು ಅಂಗಡಿಯವರು ದುಬಾರಿಯದನ್ನು ಮುಂದೆ ಸರಿಸುತ್ತಾರೆ. ‘ಮೂವತ್ತು ವರ್ಷದಿಂದ ಸಾದಾ ಎಣ್ಣೆಯೇ ಹಾಕಿದ್ದು, ಏನಾಯಿತು?’ ಎಂದು ತಾಂಡೇಲರು ಕೇಳುತ್ತಾರೆ. ರಜೆಯಲ್ಲಿ ಅಪ್ಪನ ಜತೆ ಬಂದ ಕಾಲೇಜು ಹುಡುಗ ಎರಡೂ ಡಬ್ಬಿಗಳನ್ನು ತಿರುಗಿಸಿ ತಿರುಗಿಸಿ ಓದುತ್ತಾನೆ. ಮೂವರ ಬಳಿಯೂ ಸ್ವಲ್ಪ ಸ್ವಲ್ಪ ಸತ್ಯವಿದೆ.

ಇದು ಬರೀ ಚೌಕಾಸಿಯ ಮಾತಲ್ಲ. ರಸ್ತೆಯಲ್ಲಿ ಲಾರಿ ಕೆಟ್ಟರೆ ಬದಿಗೆ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಸಬಹುದು. ದಡದಿಂದ ನೂರು ಕಿಲೊಮೀಟರ್ ಆಚೆ ಎಂಜಿನ್ ಜಾಮ್ ಆದರೆ ದೋಣಿ ಗಾಳಿ, ನೀರು ಒಯ್ದ ಕಡೆಗೆ ಹೋಗುತ್ತದೆ. ಇನ್ನೊಂದು ಬೋಟು ತನ್ನ ಬಲೆ ಮೇಲೆತ್ತಿ ಬಂದು ಕಟ್ಟಿ ಎಳೆಯಬೇಕು. ಎರಡು ಬೋಟಿನ ದುಡಿಮೆ ಹೋಯಿತು, ಹಿಡಿದ ಮೀನೂ ಹೋಯಿತು. ಗಾಳಿ ಜೋರಾಗಿದ್ದರೆ ಲೆಕ್ಕ ಅಲ್ಲಿಗೇ ನಿಲ್ಲುವುದಿಲ್ಲ. ಆದ್ದರಿಂದ ಎಣ್ಣೆಯ ಡಬ್ಬಿಯನ್ನು ಆರಿಸುವವರು ಅದರೊಳಗೆ ಏನಿದೆ, ಅದು ಹೋಗುವ ಜಾಗ ಎಂಥದು ಎಂಬುದನ್ನು ಒಮ್ಮೆಯಾದರೂ ಯೋಚಿಸುವುದು ಒಳ್ಳೆಯದು.

ಒಂದು ಟ್ರಿಪ್, ಹತ್ತು ಸಾವಿರ ಕಿಲೊಮೀಟರ್

ಮೊದಲು ಜಾಗದ ವಿಚಾರ. ಆಳಸಮುದ್ರಕ್ಕೆ ಹೋಗುವ ಟ್ರಾಲ್ ಬೋಟು ಒಮ್ಮೆ ಹೊರಟರೆ ಎಂಟು-ಹತ್ತು ದಿನ ಮರಳುವುದಿಲ್ಲ. ಬಲೆ ಎಳೆಯುವಾಗಲೂ ಜಾಗ ಬದಲಿಸುವಾಗಲೂ ಎಂಜಿನ್ ಓಡುತ್ತಲೇ ಇರಬೇಕು. ಹತ್ತು ದಿನವೆಂದರೆ 240 ಗಂಟೆ. ಲಂಗರು ಹಾಕಿ ನಿಂತ ಹೊತ್ತನ್ನು ಕಳೆದರೂ 200 ಗಂಟೆಗೆ ಮೋಸವಿಲ್ಲ. ಈಗ ಕಾರಿಗೆ ಹೋಲಿಸಿ. ಊರೊಳಗಿನ ಓಡಾಟ, ಹೆದ್ದಾರಿ ಎಲ್ಲ ಸೇರಿ ಗಂಟೆಗೆ ಸರಾಸರಿ 40 ಕಿಲೊಮೀಟರ್ ಎಂದು ಹಿಡಿದರೆ 240 ಗಂಟೆಗೆ 9,600 ಕಿಲೊಮೀಟರ್ ಆಯಿತು. ಪಟ್ಟಣದ ಕಾರಿನವರು ವರ್ಷಕ್ಕೊಮ್ಮೆ ಎಣ್ಣೆ ಬದಲಿಸುವ ಹೊತ್ತಿಗೆ ಓಡಿಸುವಷ್ಟನ್ನು ಬೋಟು ಒಂದೇ ಟ್ರಿಪ್‌ನಲ್ಲಿ ಮುಗಿಸಿ ಬರುತ್ತದೆ.

ಅದೂ ಯಾವ ರೀತಿಯ ಓಟ? ಕಾರಿಗೆ ಇಳಿಜಾರು ಸಿಗುತ್ತದೆ, ಸಿಗ್ನಲ್ ಸಿಗುತ್ತದೆ, ಆಕ್ಸಲರೇಟರ್‌ನಿಂದ ಕಾಲು ತೆಗೆದರೂ ಅದು ಒಂದಷ್ಟು ದೂರ ಉರುಳುತ್ತದೆ. ಸಮುದ್ರದಲ್ಲಿ ಇಳಿಜಾರೇ ಇಲ್ಲ. ನೀರು ದೋಣಿಯನ್ನು ಸದಾ ಹಿಂದಕ್ಕೆ ಹಿಡಿದಿರುತ್ತದೆ. ಜತೆಗೆ ಟನ್‌ಗಟ್ಟಲೆ ತೂಕದ ಬಲೆಯನ್ನೂ ಎಳೆಯಬೇಕು. ಕಾರನ್ನು ಇಡೀ ದಿನ ಆಗುಂಬೆ ಘಾಟಿ ಹತ್ತಿಸುತ್ತಲೇ ಇದ್ದರೆ ಅದರ ಎಂಜಿನ್ ಹೇಗೆ ದುಡಿಯಬೇಕೋ ಬೋಟಿನ ಎಂಜಿನ್ ಹಾಗೆ ದುಡಿಯುತ್ತದೆ.

ವಿಜ್ಞಾನ ಓದುವ ಹುಡುಗರಿಗೆ ಇಲ್ಲೊಂದು ಲೆಕ್ಕ. ನೀರಿನಲ್ಲಿ ತಿರುಗುವ ಪ್ರೊಪೆಲ್ಲರ್‌ಗೆ ಬೇಕಾದ ಶಕ್ತಿ ಅದರ ವೇಗದ ಘನಕ್ಕೆ ಹೊಂದಿಕೊಂಡು ಏರುತ್ತದೆ. ಅಂದರೆ ಎಂಜಿನ್‌ನ ಸುತ್ತುಗಳನ್ನು ನೂರರಿಂದ ತೊಂಬತ್ತಕ್ಕೆ ಇಳಿಸಿದರೆ ಬೇಕಾಗುವ ಶಕ್ತಿ 0.9ರ ಘನ, ಅಂದರೆ ಸುಮಾರು 0.73ಕ್ಕೆ ಇಳಿಯುತ್ತದೆ. ನೂರಕ್ಕೆ ಹತ್ತರಷ್ಟು ವೇಗ ಬಿಟ್ಟುಕೊಟ್ಟರೆ ಎಂಜಿನ್‌ನ ಹೊರೆ ನೂರಕ್ಕೆ ಇಪ್ಪತ್ತೇಳರಷ್ಟು ಕಡಿಮೆ. ಎಣ್ಣೆಯ ಆಯುಷ್ಯ ಉಳಿಸುವ ಉಪಾಯಗಳಲ್ಲಿ ದುಡ್ಡು ಕೊಡದೆ ಸಿಗುವುದು ಇದೊಂದೇ. ಬೇರೆ ಬೋಟಿನವರಿಗಿಂತ ಮೊದಲು ದಕ್ಕೆ ಸೇರಿ ಮೀನು ಹರಾಜಿಗೆ ಇಡಬೇಕೆಂಬ ಧಾವಂತದಲ್ಲಿ ಅದನ್ನು ಪಾಲಿಸುವವರು ಕಡಿಮೆ ಎಂಬುದು ಬೇರೆ ಮಾತು.

ಮರದ ಬಿರಡೆ ಹೇಳಿದ ಪಾಠ

ಎಣ್ಣೆ ಎಂಜಿನ್‌ನೊಳಗೆ ಮಾಡುವುದೇನು? ‘ಜಾರುವಂತೆ ಮಾಡುತ್ತದೆ’ ಎನ್ನುತ್ತೇವೆ. ಅದು ಸರಿ, ಆದರೆ ಸಾಲದು. 1883ರಲ್ಲಿ ಇಂಗ್ಲೆಂಡಿನ ಬೋಚಂಪ್ ಟವರ್ ಎಂಬ ಎಂಜಿನಿಯರ್ ರೈಲುಗಾಡಿಯ ಅಚ್ಚಿನ ಬೇರಿಂಗನ್ನು ಪರೀಕ್ಷಿಸುತ್ತಿದ್ದ. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆದ. ಅಚ್ಚು ತಿರುಗತೊಡಗಿದಾಗ ಎಣ್ಣೆ ಒಳಗೆ ಹೋಗುವ ಬದಲು ಆ ತೂತಿನಿಂದ ಮೇಲಕ್ಕೆ ಉಕ್ಕಿತು. ಕಾರ್ಕ್ ಹಾಕಿ ಮುಚ್ಚಿದ. ಅದು ಕಳಚಿ ಬಂತು. ಮರದ ಬಿರಡೆ ಬಡಿದ. ಅದನ್ನೂ ಎಣ್ಣೆ ಮೆಲ್ಲಮೆಲ್ಲನೆ ಹೊರಕ್ಕೆ ದೂಡಿತು. ಒತ್ತಡದ ಮಾಪಕ ಜೋಡಿಸಿದರೆ ಅದರ ಮುಳ್ಳು ಕೊನೆಯ ಗೆರೆಯನ್ನೂ ದಾಟಿತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಸಂದಿಗೆ ಎಳೆದುಕೊಂಡು, ಆ ಎಣ್ಣೆಯ ಪೊರೆಯ ಮೇಲೆ ತೇಲುತ್ತಿದೆ ಎಂಬುದು ಹೀಗೆ ಗೊತ್ತಾಯಿತು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಅದರ ಗಣಿತವನ್ನು ಬರೆದುಕೊಟ್ಟ.

ಬೋಟಿನ ಕ್ರ್ಯಾಂಕ್‌ಶಾಫ್ಟ್ ಕೂಡ ಹೀಗೆಯೇ ತೇಲುತ್ತದೆ, ಕೂದಲಿಗಿಂತ ಎಷ್ಟೋ ತೆಳುವಾದ ಪೊರೆಯ ಮೇಲೆ. ಪೊರೆ ಇರುವ ತನಕ ಲೋಹಕ್ಕೆ ಲೋಹ ತಾಗುವುದಿಲ್ಲ. ಎಣ್ಣೆ ತೀರಾ ತೆಳುವಾದರೆ ಪೊರೆ ಹರಿಯುತ್ತದೆ. ತೀರಾ ಮಂದವಾದರೆ ಪಂಪು ಅದನ್ನು ಸಂದಿಗೊಂದಿಗೆ ತಲುಪಿಸಲಾರದು. ಹರಿಯಲು ದ್ರವ ತೋರುವ ಈ ಹಿಂಜರಿಕೆಗೆ ಪಾಠಪುಸ್ತಕದಲ್ಲಿ ಸ್ನಿಗ್ಧತೆ ಎಂದು ಹೆಸರು.

ತೊಂದರೆಯೆಂದರೆ ಬಿಸಿಯಾದಂತೆ ಎಣ್ಣೆಯ ಸ್ನಿಗ್ಧತೆ ಇಳಿಯುತ್ತದೆ. ಬೆಲ್ಲದ ಪಾಕ ಒಲೆಯ ಮೇಲಿದ್ದಾಗ ನೀರಿನಂತೆ ಸುರಿಯುತ್ತದೆ, ಆರಿದರೆ ಸೌಟು ಎತ್ತಲಾಗುವುದಿಲ್ಲ. ಯಾವ ಎಣ್ಣೆ ಬಿಸಿಗೆ ಎಷ್ಟು ಬದಲಾಗುತ್ತದೆ ಎಂದು ಅಳೆಯಲು 1929ರಲ್ಲಿ ಡೀನ್ ಮತ್ತು ಡೇವಿಸ್ ಎಂಬ ಇಬ್ಬರು ಅಮೆರಿಕನ್ನರು ಒಂದು ಸೂಚ್ಯಂಕ ಮಾಡಿದರು. ಆಗ ಗೊತ್ತಿದ್ದವುಗಳಲ್ಲಿ ಅತಿ ಕಡಿಮೆ ಬದಲಾಗುತ್ತಿದ್ದ ಪೆನ್ಸಿಲ್ವೇನಿಯಾದ ಎಣ್ಣೆಗೆ 100 ಅಂಕ, ಅತಿ ಹೆಚ್ಚು ಬದಲಾಗುತ್ತಿದ್ದ ಮೆಕ್ಸಿಕೊ ಕೊಲ್ಲಿ ತೀರದ ಎಣ್ಣೆಗೆ ಸೊನ್ನೆ. ಶಾಲೆಯ ಮೊದಲ ಮತ್ತು ಕೊನೆಯ ಹುಡುಗರನ್ನು ಗೆರೆಯ ಎರಡು ತುದಿಗೆ ನಿಲ್ಲಿಸಿ ಉಳಿದವರನ್ನು ನಡುವೆ ಕೂರಿಸಿದ ಹಾಗೆ. ಇವತ್ತಿನ ಕೃತಕ ತೈಲಗಳು ಆ ನೂರನ್ನು ಸುಲಭವಾಗಿ ದಾಟಿ 120, 135ರ ಮೇಲೆ ನಿಂತಿವೆ. ನೂರಕ್ಕೆ ನೂರಕ್ಕಿಂತ ಹೆಚ್ಚು ಅಂಕ ಪಡೆದವರು ಇಲ್ಲಿ ಮಾತ್ರ ಸಿಗುತ್ತಾರೆ.

ಸಿಂಥೆಟಿಕ್ ಎಂದರೇನು?

ಸಾದಾ ಎಣ್ಣೆ ನೆಲದಡಿಯ ಕಚ್ಚಾ ತೈಲವನ್ನು ಬೇರ್ಪಡಿಸಿ, ಮೇಣ, ಗಂಧಕ ತೆಗೆದು ಶುದ್ಧ ಮಾಡಿದ್ದು. ಎಷ್ಟು ಕೇರಿ ಹಸನು ಮಾಡಿದರೂ ಅಕ್ಕಿಯಲ್ಲಿ ಉದ್ದ ಕಾಳು, ಗಿಡ್ಡ ಕಾಳು, ಒಂದಿಷ್ಟು ನುಚ್ಚು ಉಳಿಯುವಂತೆ ಇದರಲ್ಲೂ ಬಗೆಬಗೆಯ ಅಳತೆಯ ಅಣುಗಳು ಉಳಿಯುತ್ತವೆ. ಸಣ್ಣವು ಬಿಸಿಗೆ ಆವಿಯಾಗಿ ಹೋಗುತ್ತವೆ, ಕೆಲವು ಆಮ್ಲಜನಕದೊಡನೆ ಬೇಗ ಕೂಡಿ ಜಿಗುಟಾಗುತ್ತವೆ.

ಕೃತಕ ತೈಲದಲ್ಲಿ ಅಣುವನ್ನು ಕಟ್ಟುತ್ತಾರೆ. ಎಥಿಲೀನ್ ಅನಿಲದಿಂದ ಹತ್ತು ಇಂಗಾಲದ ಸರಪಳಿ ಮಾಡಿ, ಅಂಥ ಮೂರು-ನಾಲ್ಕು ಸರಪಳಿಗಳನ್ನು ಜೋಡಿಸಿದರೆ ಪಾಲಿ ಆಲ್ಫಾ ಓಲೆಫಿನ್ ಎಂಬ ಎಣ್ಣೆ. ಆಮ್ಲ, ಆಲ್ಕೊಹಾಲ್ ಕೂಡಿಸಿದರೆ ಎಸ್ಟರ್. ಎರಡನೇ ಪಿಯುಸಿಯವರು ಪ್ರಯೋಗಶಾಲೆಯಲ್ಲಿ ಹಣ್ಣಿನ ವಾಸನೆ ಬರಿಸಿದ ಅದೇ ಎಸ್ಟರ್‌ನ ದೊಡ್ಡಣ್ಣ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಯಂ ಕೊರತೆಯಿದ್ದ ಜರ್ಮನಿ ಇಂಥ ಎಣ್ಣೆಗಳ ಮೇಲೆ ಬಹಳ ಕೆಲಸ ಮಾಡಿತು. ಯುದ್ಧದ ನಂತರ ಜೆಟ್ ವಿಮಾನದ ಎಂಜಿನ್‌ಗಳು ಎಸ್ಟರ್ ತೈಲಗಳನ್ನೇ ನೆಚ್ಚಿಕೊಂಡವು. ವಿಮಾನಕ್ಕೆ ಒಳ್ಳೆಯದು ಕಾರಿಗೇಕೆ ಬೇಡ ಎಂದು ಆಲ್ಬರ್ಟ್ ಅಮಟುಜಿಯೊ ಎಂಬ ಅಮೆರಿಕದ ಯುದ್ಧವಿಮಾನ ಚಾಲಕ 1972ರಲ್ಲಿ ಕಾರಿನ ಕೃತಕ ತೈಲವನ್ನು ಮಾರುಕಟ್ಟೆಗೆ ತಂದ. ಎರಡು ವರ್ಷದೊಳಗೆ ಮೊಬಿಲ್ ಕಂಪೆನಿಯ ಎಣ್ಣೆಯೂ ಬಂತು.

ಇಲ್ಲಿ ಒಂದು ಕಥೆ ಹೇಳಲೇಬೇಕು. 1990ರ ದಶಕದ ಕೊನೆಯಲ್ಲಿ ಕ್ಯಾಸ್ಟ್ರಾಲ್ ಕಂಪೆನಿ ತನ್ನ ‘ಸಿಂಥೆಟಿಕ್’ ಎಣ್ಣೆಯಲ್ಲಿ ಪಾಲಿ ಆಲ್ಫಾ ಓಲೆಫಿನ್ ಬದಲು ಬಹಳ ತೀವ್ರವಾಗಿ ಶುದ್ಧೀಕರಿಸಿದ ಖನಿಜ ತೈಲವನ್ನೇ ಬಳಸತೊಡಗಿತು. ಅಧಿಕ ಒತ್ತಡದಲ್ಲಿ ಹೈಡ್ರೊಜನ್ ಹಾಯಿಸಿ ಅಣುಗಳನ್ನು ಒಡೆದು ಮರುಜೋಡಿಸಿದ ತೈಲ ಅದು. ‘ಇದನ್ನು ಕೃತಕ ಎನ್ನುವುದು ಸರಿಯಲ್ಲ’ ಎಂದು ಮೊಬಿಲ್ ದೂರು ಕೊಟ್ಟಿತು. ಅಮೆರಿಕದಲ್ಲಿ ಜಾಹೀರಾತಿನ ವ್ಯಾಜ್ಯ ತೀರ್ಮಾನಿಸುವ ಮಂಡಳಿ 1999ರಲ್ಲಿ ಕ್ಯಾಸ್ಟ್ರಾಲ್ ಪರವಾಗಿ ಹೇಳಿತು. ಅಂದಿನಿಂದ ‘ಸಿಂಥೆಟಿಕ್’ ಎಂಬ ಪದ ವಿಜ್ಞಾನದ ಪದವಾಗಿ ಉಳಿದಿಲ್ಲ, ಮಾರಾಟದ ಪದವಾಗಿದೆ. ನಮ್ಮಲ್ಲೂ ಆ ಹೆಸರಿನ ಡಬ್ಬಿಯೊಳಗೆ ಕಟ್ಟಿದ ಅಣುವೂ ಇರಬಹುದು, ತೀವ್ರವಾಗಿ ಶುದ್ಧೀಕರಿಸಿದ ಖನಿಜ ತೈಲವೂ ಇರಬಹುದು. ಎರಡನೆಯದು ಕೆಟ್ಟ ಎಣ್ಣೆಯೇನಲ್ಲ, ಬಹಳ ಒಳ್ಳೆಯದೇ. ಆದರೆ ಪದಕ್ಕೆ ದುಡ್ಡು ಕೊಡುವವರಿಗೆ ಇದು ಗೊತ್ತಿರಲಿ. ‘ಸೆಮಿ ಸಿಂಥೆಟಿಕ್’ ಎಂದಿದ್ದರಂತೂ ಎಷ್ಟು ಪಾಲು ಎಂಬುದನ್ನು ಡಬ್ಬಿ ಸಾಮಾನ್ಯವಾಗಿ ಹೇಳುವುದೇ ಇಲ್ಲ.

ಇನ್ನೂ ಒಂದು ಸಂಗತಿ ಉಂಟು. ಡಬ್ಬಿಯಲ್ಲಿರುವುದೆಲ್ಲ ಮೂಲ ಎಣ್ಣೆಯಲ್ಲ. ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಬೇರೆ ರಾಸಾಯನಿಕಗಳು: ಮಸಿಯನ್ನು ತೇಲಿಸಿಡುವುದು, ಆಮ್ಲವನ್ನು ಕೊಲ್ಲುವುದು, ತುಕ್ಕು ತಡೆಯುವುದು, ನೊರೆ ಮುರಿಯುವುದು. ಈ ಕೂಲಿಯಾಳುಗಳು ಸಾದಾ ಎಣ್ಣೆಯಲ್ಲೂ ಇರುತ್ತಾರೆ, ಕೃತಕದಲ್ಲೂ ಇರುತ್ತಾರೆ. ಎರಡರಲ್ಲೂ ದುಡಿದು ದುಡಿದು ಮುಗಿಯುತ್ತಾರೆ.

ಚಳಿಯಿಲ್ಲದ ಊರಿನಲ್ಲಿ

ಕೃತಕ ತೈಲದ ಬಗ್ಗೆ ಹೊಗಳುವಾಗ ಮೊದಲು ಬರುವ ಮಾತು ಚಳಿಯಲ್ಲಿ ಎಂಜಿನ್ ಚಾಲೂ ಆಗುವುದು. 15ಡಬ್ಲ್ಯು-40 ಎಂಬುದರಲ್ಲಿ ಡಬ್ಲ್ಯು ಎಂದರೆ ಚಳಿಗಾಲ. 15ಡಬ್ಲ್ಯು ಎಣ್ಣೆಯನ್ನು ಪರೀಕ್ಷಿಸುವುದು ಸೊನ್ನೆಗಿಂತ 20-25 ಡಿಗ್ರಿ ಕೆಳಗೆ. 5ಡಬ್ಲ್ಯು ಆದರೆ ಇನ್ನೂ ಹತ್ತು ಡಿಗ್ರಿ ಕೆಳಗೆ. ನಾರ್ವೆಯ ಮೀನುಗಾರನಿಗೆ ಇದು ಜೀವನದ ಪ್ರಶ್ನೆ. ಮಲ್ಪೆಯಲ್ಲೋ ಕಾರವಾರದಲ್ಲೋ ಮುಂಜಾನೆಯ ಚಳಿಗೂ ಅದಕ್ಕೂ ಅಜಗಜಾಂತರ. ನಮ್ಮ ಕರಾವಳಿಯಲ್ಲಿ ಈ ಗುಣಕ್ಕೆ ಕೊಡುವ ದುಡ್ಡು ಕಂಬಳಿ ಹೊದ್ದು ಮೇ ತಿಂಗಳಲ್ಲಿ ಮಲಗಿದ ಹಾಗೆ.

ಆದರೆ ಸೆಖೆಯ ತುದಿಯಲ್ಲಿ ಕೃತಕ ತೈಲಕ್ಕೆ ನಿಜವಾದ ಬೆಲೆಯಿದೆ. ತಾಪ ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬ ಸ್ಥೂಲ ಸೂತ್ರವನ್ನು ರಸಾಯನಶಾಸ್ತ್ರದ ಮೇಷ್ಟ್ರು ಹೇಳಿರುತ್ತಾರೆ. ಎಣ್ಣೆ ಆಮ್ಲಜನಕದೊಡನೆ ಕೂಡಿ ಹಳಸುವುದೂ ಹಾಗೆಯೇ. ಟರ್ಬೊ ಇರುವ, ಹೆಚ್ಚು ಸುತ್ತು ತಿರುಗುವ ಹೊಸ ಡೀಸೆಲ್ ಎಂಜಿನ್‌ನಲ್ಲಿ ಎಣ್ಣೆ ಬಹಳ ಕಾಯುತ್ತದೆ. ಟರ್ಬೊದ ಬೇರಿಂಗಿನ ಬಳಿ ಸಾದಾ ಎಣ್ಣೆ ಕರಟಿ ಇದ್ದಿಲಾಗುವ ಜಾಗದಲ್ಲಿ ಕೃತಕ ತೈಲ ಹೆಚ್ಚು ಹೊತ್ತು ತಡೆದುಕೊಳ್ಳುತ್ತದೆ. ಕಡಿಮೆ ಆವಿಯಾಗುತ್ತದೆ, ಹಾಗಾಗಿ ಮೇಲಿಂದ ಮೇಲೆ ಸುರಿಯಬೇಕಾಗುವುದೂ ಕಡಿಮೆ.

ಅದೇ ಲಾರಿಯಿಂದ ತೆಗೆದು ದೋಣಿಗೆ ಕೂರಿಸಿದ, ಟರ್ಬೊ ಇಲ್ಲದ, ನಿಧಾನಕ್ಕೆ ತಿರುಗುವ ಹಳೆಯ ಎಂಜಿನ್‌ನ ಕಥೆ ಬೇರೆ. ಅದರ ರಿಂಗುಗಳು ಸವೆದು ದಿನಕ್ಕೆ ಲೀಟರ್‌ಗಟ್ಟಲೆ ಎಣ್ಣೆ ಕುಡಿಯುತ್ತಿದ್ದರೆ ದುಬಾರಿ ಎಣ್ಣೆ ಹೊಗೆಯಾಗಿ ಹೋಗುತ್ತದೆ ಅಷ್ಟೆ. ಅಲ್ಲಿ ಕಂಪೆನಿ ಹೇಳಿದ ದರ್ಜೆಯ ಸಾದಾ ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯ. ಹೊಸದಾಗಿ ಬೋರ್ ಮಾಡಿಸಿ ರಿಂಗ್ ಬದಲಿಸಿದ ಎಂಜಿನ್‌ಗೂ ಮೊದಮೊದಲ ಗಂಟೆಗಳಲ್ಲಿ ಸಾದಾ ಎಣ್ಣೆಯನ್ನೇ ಹಾಕುವ ಮೆಕ್ಯಾನಿಕರ ರೂಢಿಗೆ ಅರ್ಥವಿದೆ. ರಿಂಗು ಸಿಲಿಂಡರಿಗೆ ಒಗ್ಗಿಕೊಳ್ಳಲು ಒಂದಿಷ್ಟು ತಿಕ್ಕಾಟ ಬೇಕು.

‘ಒಮ್ಮೆ ಸಿಂಥೆಟಿಕ್ ಹಾಕಿದರೆ ಮತ್ತೆ ಸಾದಾ ಹಾಕಬಾರದು’, ‘ಸಿಂಥೆಟಿಕ್ ಹಾಕಿದರೆ ಸೀಲು ಸೋರುತ್ತದೆ’ ಎಂಬ ಮಾತುಗಳೂ ಬಂದರಿನಲ್ಲಿ ಓಡಾಡುತ್ತವೆ. ಮೊದಲನೆಯದಕ್ಕೆ ಆಧಾರವಿಲ್ಲ, ಒಂದೇ ದರ್ಜೆಯ ಎರಡು ಎಣ್ಣೆಗಳು ಬೆರೆತರೂ ಎಂಜಿನ್ ಕೆಡುವುದಿಲ್ಲ. ಎರಡನೆಯದಕ್ಕೆ ಹಿಂದೆ ಆಧಾರವಿತ್ತು. ಮೊದಮೊದಲ ಪಾಲಿ ಆಲ್ಫಾ ಓಲೆಫಿನ್ ಎಣ್ಣೆಗಳು ರಬ್ಬರ್ ಸೀಲನ್ನು ಕುಗ್ಗಿಸುತ್ತಿದ್ದವು. ಸೀಲನ್ನು ಉಬ್ಬಿಸುವ ಎಸ್ಟರನ್ನು ಸ್ವಲ್ಪ ಬೆರೆಸಿ ಕಂಪೆನಿಗಳು ಅದನ್ನು ಎಂದೋ ಸರಿಪಡಿಸಿವೆ. ಕಾಯಿಲೆ ವಾಸಿಯಾದ ಮೇಲೂ ಅದರ ಹೆಸರು ಉಳಿದುಕೊಂಡಿದೆ.

ಡಬ್ಬಿಗಿಂತ ದೊಡ್ಡ ವೈರಿ

ದೋಣಿಯ ಎಂಜಿನ್ನನ್ನು ಕೊಲ್ಲುವುದು ಬಹುಮಟ್ಟಿಗೆ ಸಾದಾ ಎಣ್ಣೆಯಲ್ಲ, ನೀರು. ಅದು ಹೊರಗಿನಿಂದಲೇ ಬರಬೇಕೆಂದಿಲ್ಲ. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಇಂಧನದ ಹೈಡ್ರೊಜನ್ ಗಾಳಿಯ ಆಮ್ಲಜನಕ ಸೇರಿ ಆಗುವ ನೀರು ಅದು. ಸಮೀಕರಣ ಬರೆದು ತೂಕ ಹಾಕಿ ನೋಡಬಹುದು. ಬಹುಪಾಲು ಆವಿಯಾಗಿ ಹೊಗೆಕೊಳವೆಯಲ್ಲಿ ಹೋಗುತ್ತದೆ. ಸ್ವಲ್ಪ ರಿಂಗುಗಳ ಸಂದಿಯಿಂದ ಎಣ್ಣೆಯ ತೊಟ್ಟಿಗೆ ಇಳಿಯುತ್ತದೆ. ಕಾರಿನ ಎಂಜಿನ್ 90 ಡಿಗ್ರಿಗೆ ಕಾಯುವುದರಿಂದ ಅದು ಮತ್ತೆ ಆವಿಯಾಗಿ ಹೊರಬೀಳುತ್ತದೆ. ಔಟ್‌ಬೋರ್ಡ್‌ನಂತೆ ಸಮುದ್ರದ ನೀರನ್ನೇ ನೇರವಾಗಿ ಹಾಯಿಸಿ ತಂಪು ಮಾಡುವ ಎಂಜಿನ್ನನ್ನು 60 ಡಿಗ್ರಿಯ ಆಸುಪಾಸಿನಲ್ಲೇ ಇಡಬೇಕು, ಇಲ್ಲದಿದ್ದರೆ ಉಪ್ಪು ಗಟ್ಟಿಯಾಗಿ ನಾಳ ಕಟ್ಟುತ್ತದೆ. ಅಷ್ಟು ತಂಪಿನಲ್ಲಿ ನೀರೂ ಉರಿಯದ ಇಂಧನವೂ ಎಣ್ಣೆಯಲ್ಲೇ ಉಳಿಯುತ್ತವೆ. ಎಣ್ಣೆ ತೆಳುವಾಗುತ್ತದೆ. ಜತೆಗೆ ಕೂಲರ್ ತೂತಾಗಿ ಉಪ್ಪುನೀರು ಸೇರಿದರೆ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಕಂಡರೆ ಒಳಗಿರುವುದು ಯಾವ ಕಂಪೆನಿಯ ಎಣ್ಣೆ ಎಂಬ ಪ್ರಶ್ನೆಯೇ ಇಲ್ಲ. ಎಸ್ಟರ್ ಹೆಚ್ಚಿರುವ ದುಬಾರಿ ಎಣ್ಣೆಯಾದರೆ ನೀರಿನೊಡನೆ ವರ್ತಿಸಿ ಮತ್ತೆ ಆಮ್ಲ, ಆಲ್ಕೊಹಾಲ್ ಆಗಿ ಒಡೆಯುವ ಗುಣವೂ ಅದಕ್ಕುಂಟು.

ಅದಕ್ಕೇ ದೋಣಿಗೆಂದೇ ಬೇರೆ ಗುರುತುಗಳಿವೆ. ಪೆಟ್ರೋಲಿನ ನಾಲ್ಕು ಸ್ಟ್ರೋಕ್ ಔಟ್‌ಬೋರ್ಡ್‌ಗೆ ಎಫ್‌ಸಿ-ಡಬ್ಲ್ಯು. ಈ ಗುರುತು ಪಡೆಯಲು ಎಣ್ಣೆ ತುಕ್ಕಿನ ಪರೀಕ್ಷೆ, ನೀರು ಬೆರೆತಾಗ ಫಿಲ್ಟರ್ ಕಟ್ಟದಿರುವ ಪರೀಕ್ಷೆ, ನೊರೆಯ ಪರೀಕ್ಷೆ ಎಲ್ಲ ದಾಟಬೇಕು. ಡೀಸೆಲ್ ಎಂಜಿನ್‌ಗೆ ಸಿ ಅಕ್ಷರದಿಂದ ಶುರುವಾಗುವ ದರ್ಜೆ: 2002ರಲ್ಲಿ ಬಂದ ಸಿಐ-4, 2016ರಲ್ಲಿ ಬಂದ ಸಿಕೆ-4 ಹೀಗೆ. ಗಮನಿಸಬೇಕಾದ ಮಾತೆಂದರೆ ಈ ಗುರುತುಗಳು ಸಾದಾ ಎಣ್ಣೆಗೂ ಸಿಗುತ್ತವೆ, ಕೃತಕಕ್ಕೂ ಸಿಗುತ್ತವೆ. ಎಫ್‌ಸಿ-ಡಬ್ಲ್ಯು ಇರುವ ಸಾದಾ ಎಣ್ಣೆ ಒಂದು ಕಡೆ, ಆ ಗುರುತಿಲ್ಲದ ಕಾರಿನ ಅತಿ ದುಬಾರಿ ಸಿಂಥೆಟಿಕ್ ಇನ್ನೊಂದು ಕಡೆ ಇದ್ದರೆ ಔಟ್‌ಬೋರ್ಡ್‌ಗೆ ಮೊದಲನೆಯದೇ ಸರಿ.

ಎರಡು ಸ್ಟ್ರೋಕಿನ ಔಟ್‌ಬೋರ್ಡ್‌ಗೆ ಇದು ಇನ್ನೂ ಮುಖ್ಯ. ಸಹಾಯಧನದ ಸೀಮೆಎಣ್ಣೆಯಲ್ಲಿ ಓಡುವ ನಾಡದೋಣಿಗಳ ಎಂಜಿನ್‌ಗಳು ಈ ಜಾತಿಯವು. ಇಲ್ಲಿ ಎಣ್ಣೆ ಇಂಧನದ ಜತೆಯಲ್ಲೇ ಬೆರೆತು ಉರಿದುಹೋಗುತ್ತದೆ, ಬದಲಿಸುವ ಪ್ರಶ್ನೆಯಿಲ್ಲ. ಬೇಕಾದ ಗುರುತು ಟಿಸಿ-ಡಬ್ಲ್ಯು3. ಇದರಲ್ಲಿ ಬೂದಿ ಉಳಿಸುವ ಲೋಹದ ರಾಸಾಯನಿಕಗಳಿಲ್ಲ. ಅದನ್ನು ಬಿಟ್ಟು ಸ್ಕೂಟರಿನ ಟೂ-ಟಿ ಎಣ್ಣೆ ಸುರಿದರೆ ಪ್ಲಗ್ಗಿನ ಮೇಲೆ, ಪಿಸ್ಟನ್ನಿನ ಮೇಲೆ ಬೂದಿ ಕಟ್ಟಿ, ಅದೇ ಕೆಂಡವಾಗಿ ಹೊತ್ತಲ್ಲದ ಹೊತ್ತಿನಲ್ಲಿ ಇಂಧನಕ್ಕೆ ಕಿಡಿ ಹಚ್ಚುತ್ತದೆ. ಸ್ಕೂಟರಿನ ಎಣ್ಣೆ ಗಾಳಿಯಿಂದ ತಣಿಯುವ, ಹೆಚ್ಚು ಕಾಯುವ ಎಂಜಿನ್‌ಗೆಂದು ಮಾಡಿದ್ದು. ನೀರಿನಿಂದ ತಣಿಯುವ ಔಟ್‌ಬೋರ್ಡ್‌ನ ರೀತಿಯೇ ಬೇರೆ. ಎಷ್ಟು ಇಂಧನಕ್ಕೆ ಎಷ್ಟು ಎಣ್ಣೆ ಎಂಬುದನ್ನು ಎಂಜಿನ್‌ನ ಪುಸ್ತಕ ನೋಡಿಯೇ ಅಳೆಯಬೇಕು, ಬಾಟಲಿಯ ಮುಚ್ಚಳದ ಅಂದಾಜಿನಲ್ಲಿ ಅಲ್ಲ. ಹಳೆಯ ಎರಡು ಸ್ಟ್ರೋಕಿನ ಎಂಜಿನ್‌ಗಳು ಇಂಧನದ ಕಾಲುಭಾಗದಷ್ಟನ್ನು ಉರಿಸದೆಯೇ ನೀರಿಗೆ ಬಿಡುತ್ತವೆ. ಯುರೋಪಿನ ಸರೋವರಗಳಲ್ಲಿ ಬೇಗ ಕೊಳೆತು ಕರಗುವ ಎಸ್ಟರ್ ಎಣ್ಣೆಗಳನ್ನು ತಂದದ್ದು ಈ ಕಾರಣಕ್ಕೆ. ಎಂಜಿನ್‌ಗಲ್ಲ, ಮೀನಿಗೆ ಒಳ್ಳೆಯದೆಂದು ಕೃತಕ ತೈಲ ಆರಿಸುವ ಒಂದು ಸಂದರ್ಭ ಇದು.

ದುಡ್ಡಿನ ಲೆಕ್ಕ

ಈಗ ಅಂಗಡಿಯ ಕಟ್ಟೆಗೆ ಮರಳೋಣ. ಲೆಕ್ಕದ ಅನುಕೂಲಕ್ಕೆ ಸಂಖ್ಯೆಗಳನ್ನು ಊಹಿಸಿಕೊಳ್ಳಿ. ನಿಮ್ಮ ಬೋಟಿನ ಸಂಖ್ಯೆಗಳನ್ನು ಹಾಕಿ ಮತ್ತೆ ಮಾಡಬಹುದು. ಎಂಜಿನ್‌ಗೆ 20 ಲೀಟರ್ ಎಣ್ಣೆ ಬೇಕು. ಸಾದಾ ಎಣ್ಣೆ ಲೀಟರಿಗೆ 300 ರೂಪಾಯಿಯಾದರೆ 6,000. ಕೃತಕ 700 ಆದರೆ 14,000. ವ್ಯತ್ಯಾಸ 8,000. ಟ್ರಿಪ್‌ಗೆ 4,000 ಲೀಟರ್ ಡೀಸೆಲ್ ಎಂದುಕೊಳ್ಳಿ. ಜಾರುವಿಕೆ ಹೆಚ್ಚಿದ್ದರಿಂದ ನೂರಕ್ಕೆ ಒಂದರಷ್ಟು ಡೀಸೆಲ್ ಉಳಿಯಿತೆಂದೇ ಒಪ್ಪಿದರೂ 40 ಲೀಟರ್, ಲೀಟರಿಗೆ 90ರಂತೆ 3,600 ರೂಪಾಯಿ. ಟ್ರಿಪ್‌ಗೊಮ್ಮೆ ಬದಲಿಸುವವರಿಗೆ ಕೃತಕ ತೈಲ ನಷ್ಟದ ಬಾಬತ್ತು. ಎರಡು ಟ್ರಿಪ್ ಓಡಿಸಲು ಆಗುವುದಾದರೆ ಲೆಕ್ಕ ಮಗುಚುತ್ತದೆ: ಟ್ರಿಪ್‌ಗೆ 7,000 ಖರ್ಚು, 3,600 ಉಳಿತಾಯ, ನಿಂತದ್ದು 3,400. ಸಾದಾ ಎಣ್ಣೆಯ ಆರು ಸಾವಿರಕ್ಕಿಂತ ಕಡಿಮೆಯೇ.

‘ಎರಡು ಟ್ರಿಪ್ ಓಡಿಸಲು ಆಗುವುದಾದರೆ’ ಎಂಬ ಮಾತಿನಲ್ಲೇ ಎಲ್ಲ ಅಡಗಿದೆ. ಎಣ್ಣೆಯ ಅಣು ಗಟ್ಟಿ ಎಂಬ ಧೈರ್ಯದಲ್ಲಿ ಓಡಿಸುತ್ತ ಹೋದರೆ ನೀರು, ಮಸಿ, ಸವೆದ ಲೋಹದ ಪುಡಿ ಅಲ್ಲೇ ಇರುತ್ತವೆ. ಆಮ್ಲ ಕೊಲ್ಲುವ ರಾಸಾಯನಿಕ ಮುಗಿದಿರುತ್ತದೆ. ದುಬಾರಿ ಎಣ್ಣೆ ಹಾಕಿ ಬದಲಿಸುವುದನ್ನು ಮುಂದೂಡುವವನಿಗಿಂತ ಸಾದಾ ಎಣ್ಣೆ ಹಾಕಿ ತಪ್ಪದೆ ಬದಲಿಸುವವನ ಬೋಟಿನಲ್ಲಿ ಹೋಗುವುದನ್ನು ನಾನು ಆರಿಸಿಕೊಳ್ಳುತ್ತೇನೆ. ಅವಧಿ ಹೆಚ್ಚಿಸಬೇಕೆಂದರೆ ದಾರಿಯಿದೆ. ಎಣ್ಣೆಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಟ್ಟರೆ ಅದರಲ್ಲಿನ ಕಬ್ಬಿಣ, ತಾಮ್ರ ಎಷ್ಟೆಂದು ಹೇಳುತ್ತಾರೆ. ಕಬ್ಬಿಣ ಏರಿದರೆ ಸಿಲಿಂಡರ್ ಸವೆಯುತ್ತಿದೆ, ತಾಮ್ರವಾದರೆ ಬೇರಿಂಗು. ಸೋಡಿಯಂ, ಮೆಗ್ನೀಸಿಯಂ ಒಟ್ಟಿಗೇ ಏರಿದರೆ ಸಮುದ್ರದ ನೀರು ಒಳಬಂದಿದೆ ಎಂಬ ಅನುಮಾನ. ಆಸ್ಪತ್ರೆಯ ರಕ್ತಪರೀಕ್ಷೆಯ ಹಾಗೆಯೇ ಇದೂ. ಜತೆಗೆ ಎಂಜಿನ್ ಕಂಪೆನಿಯ ಪುಸ್ತಕ ಒಪ್ಪಬೇಕು. ಇಲ್ಲವಾದರೆ ವಾರಂಟಿಯ ಮಾತು ಬಂದಾಗ ಜಗಳ.

ಹಿರಿಯರ ‘ಬೇಗ ಬೇಗ ಬದಲಿಸು’ ಎಂಬ ನಿಯಮದ ಹಿಂದೆ ಒಂದು ಹಳೆಯ ಕಾರಣವೂ ಇತ್ತು. 1990ರ ದಶಕದ ಆರಂಭದಲ್ಲಿ ನಮ್ಮ ಡೀಸೆಲ್‌ನಲ್ಲಿ ಗಂಧಕ ನೂರಕ್ಕೆ ಒಂದು ಪಾಲಿನವರೆಗೂ ಇರುತ್ತಿತ್ತು. ಗಂಧಕ ಉರಿದು, ನೀರು ಸೇರಿ, ಗಂಧಕಾಮ್ಲವಾಗಿ ಎಣ್ಣೆಯನ್ನು ತಿನ್ನುತ್ತಿತ್ತು. 2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಬಂದ ಬಿಎಸ್-6 ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ ಹತ್ತು ಪಾಲು. ಸಾವಿರ ಪಟ್ಟು ಇಳಿದಿದೆ. ಹಾಗಾಗಿ ತಾಂಡೇಲರ ನಿಯಮದ ಅರ್ಧ ಕಾರಣ ಹೋಗಿದೆ, ನೀರಿನ ಅರ್ಧ ಹಾಗೇ ಉಳಿದಿದೆ.

ಅರವತ್ತೊಂದು ದಿನದ ನಿದ್ದೆ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಹತ್ತು ಅಶ್ವಶಕ್ತಿಯವರೆಗಿನ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಸುರಿಯುವ ಮಳೆ, ತೇವದ ಗಾಳಿ, ನಿಂತ ಎಂಜಿನ್. ಈ ಎರಡು ತಿಂಗಳು ಎಂಜಿನ್‌ನೊಳಗೆ ಇರುವುದು ಯಾವ ಎಣ್ಣೆ? ಬಹಳ ಮಂದಿ ‘ಆಗಸ್ಟಿನಲ್ಲಿ ಹೊರಡುವಾಗ ಹೊಸತು ಹಾಕಿದರಾಯಿತು’ ಎಂದು ಮೇ ತಿಂಗಳ ಕರಿ ಎಣ್ಣೆಯನ್ನು ಹಾಗೇ ಬಿಡುತ್ತಾರೆ. ಆ ಎಣ್ಣೆಯಲ್ಲಿ ನೀರೂ ಆಮ್ಲವೂ ಇವೆ. ಅರವತ್ತೊಂದು ದಿನವೂ ಅವು ಬೇರಿಂಗನ್ನು ನೆಕ್ಕುತ್ತ ಕೂರುತ್ತವೆ. ಕೊನೆಯ ಟ್ರಿಪ್ ಮುಗಿಸಿ ಬಂದಾಗ, ಎಂಜಿನ್ ಬಿಸಿಯಿರುವಾಗಲೇ ಹಳೆಯದನ್ನು ಇಳಿಸಿ, ಫಿಲ್ಟರ್ ಬದಲಿಸಿ, ಹೊಸ ಎಣ್ಣೆ ಹಾಕಿ ಹತ್ತು ನಿಮಿಷ ಓಡಿಸಿ ನಿಲ್ಲಿಸಬೇಕು. ಅದು ಸಾದಾ ಎಣ್ಣೆಯಾದರೂ ಸರಿ. ಔಟ್‌ಬೋರ್ಡ್ ಪುಸ್ತಕಗಳು ‘ನೂರು ಗಂಟೆಗೊಮ್ಮೆ ಇಲ್ಲವೇ ವರ್ಷಕ್ಕೊಮ್ಮೆ’ ಎಂದು ಬರೆಯುವಾಗ ಆ ‘ವರ್ಷಕ್ಕೊಮ್ಮೆ’ಯ ಅರ್ಥ ಇದೇ: ಓಡದೆ ನಿಂತರೂ ಎಣ್ಣೆ ಹಳೆಯದಾಗುತ್ತದೆ.

ಇಂಥ ಕೆಲಸದಲ್ಲಿ ಆಸಕ್ತಿ ಇರುವ ಮಕ್ಕಳಿಗೆ ಓದಿನ ದಾರಿಯೂ ಇದೆ. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಿಂದ ನಡೆಯುತ್ತಿದೆ, ದೇಶದಲ್ಲೇ ಮೊದಲನೆಯದು. ಕೊಚ್ಚಿಯಲ್ಲಿ 1963ರಲ್ಲಿ ಆರಂಭವಾದ ಕೇಂದ್ರ ಸರಕಾರದ ‘ಸಿಫ್‌ನೆಟ್’ ಸಂಸ್ಥೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಮೀನುಗಾರಿಕೆ ಹಡಗಿನ ಎಂಜಿನ್ ಕೆಲಸ ಕಲಿಸುವ ಮೆರೀನ್ ಫಿಟ್ಟರ್ ತರಬೇತಿಯುಂಟು. ಎಂಜಿನಿಯರಿಂಗ್ ಸೀಟೊಂದೇ ದಾರಿ ಎಂದುಕೊಂಡಿರುವ ತಂದೆ-ತಾಯಂದಿರು ಇವನ್ನೂ ವಿಚಾರಿಸಬಹುದು.

ಇಳಿಸಿದ ಹಳೆಯ ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂಬುದು ಉಳಿಯಿತು. ದಕ್ಕೆಯ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಹರಡಿಕೊಂಡಿರುವುದನ್ನು ಕಂಡವರಿಗೆ ಉತ್ತರ ಗೊತ್ತು. ಒಮ್ಮೆ ಬದಲಿಸಿದ ಒಂದು ಕಾರಿನ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ ನಿಯಮದಲ್ಲೂ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್‌ನಿಂದ ಅದರ ಮರುಬಳಕೆಯ ಹೊಣೆಯನ್ನು ಎಣ್ಣೆ ತಯಾರಿಸುವ ಕಂಪೆನಿಗಳ ಮೇಲೂ ಹೊರಿಸಲಾಗಿದೆ. ಹಿಂದೆ ಮರದ ದೋಣಿಗೆ ಬೂತಾಯಿ ಎಣ್ಣೆ ಬಳಿಯುತ್ತಿದ್ದರು. ಮೀನಿನಿಂದ ಬಂದದ್ದು ಮೀನಿನ ನೀರಿಗೇ ಹೋಗುತ್ತಿತ್ತು. ಅದರ ಬದಲು ಎಂಜಿನ್‌ನ ಕರಿ ಎಣ್ಣೆ ಬಳಿದರೆ ಅದರಲ್ಲಿನ ಲೋಹದ ಪುಡಿಯೂ ಜತೆಗೇ ಇಳಿಯುತ್ತದೆ. ಸಾದಾ ಇರಲಿ ಸಿಂಥೆಟಿಕ್ ಇರಲಿ, ಇಳಿಸಿದ ಎಣ್ಣೆಯನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿ ತುಂಬಿಟ್ಟು, ಪರವಾನಗಿ ಇರುವ ಮರುಶುದ್ಧೀಕರಣದವರಿಗೆ ಮಾರಬೇಕು. ಕೊಂಡವರು ಅದನ್ನು ಮತ್ತೆ ಮೂಲ ಎಣ್ಣೆಯಾಗಿಸುತ್ತಾರೆ, ಮಾರಿದವರಿಗೆ ನಾಲ್ಕು ಕಾಸೂ ಸಿಗುತ್ತದೆ.